ವೈದ್ಯ ವಿಲಿಯಂ ಹಂಟರನ ನಾಣ್ಯಭಂಡಾರ

ಅರಸರು ಬರೆಸಿದ ಶಾಸನಗಳು ಕಲ್ಲಿನಲ್ಲಿ ಉಳಿಯುತ್ತವೆ. ಕವಿಗಳ ಕೃತಿಗಳು ಓಲೆಗರಿಗಳಲ್ಲಿ ಉಳಿಯುತ್ತವೆ. ಆದರೆ ಕಲ್ಲು ನೆಟ್ಟಲ್ಲೇ ನಿಲ್ಲುತ್ತದೆ. ಓಲೆಗರಿಯನ್ನು ಗೆದ್ದಲು ತಿನ್ನುತ್ತದೆ. ನಾಣ್ಯದ ಬಾಳು ಬೇರೆ ಬಗೆಯದು. ಅದು ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ಸಾಗಿ, ಕಡಲನ್ನೂ ದಾಟಿ ನಡೆಯುತ್ತದೆ. ರೋಮ್ ಸಾಮ್ರಾಟ ಟೈಬೀರಿಯಸನ ಬೆಳ್ಳಿಯ ನಾಣ್ಯವೊಂದು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಮಣ್ಣಿನಲ್ಲಿ ದೊರೆತು, ಆ ದೂರದ ಸಾಮ್ರಾಜ್ಯಕ್ಕೂ ನಮ್ಮ ನಾಡಿಗೂ ಇದ್ದ ವ್ಯಾಪಾರಸಂಬಂಧಕ್ಕೆ ಸಾಕ್ಷಿ ನುಡಿಯಿತು. ಇಂಥ ಮೂಕಸಾಕ್ಷಿಗಳನ್ನು ಸಾವಿರಗಟ್ಟಲೆ ಕೂಡಿಸಿ, ತನ್ನ ಕಾಲಾನಂತರವೂ ಅವು ಚದುರಿಹೋಗದಂತೆ ಕಾಪಾಡಿದ ಮಹನೀಯರಲ್ಲಿ ವಿಲಿಯಂ ಹಂಟರನ ಹೆಸರು ಚಿರಸ್ಮರಣೀಯವಾದುದು. ವೃತ್ತಿಯಿಂದ ಅವನು ವೈದ್ಯ, ಪ್ರವೃತ್ತಿಯಿಂದ ಸಂಗ್ರಾಹಕ, ಸ್ವಭಾವದಿಂದ ಅಧ್ಯಾಪಕ.

ವಿಲಿಯಂ ಹಂಟರ್ 1718ನೆಯ ಇಸವಿ ಮೇ 23ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಸಮೀಪದ ಲಾಂಗ್ ಕಾಲ್ಡರ್‌ವುಡ್ ಎಂಬಲ್ಲಿ ಜನಿಸಿದನು. ಹತ್ತು ಮಕ್ಕಳ ಆ ಸಂಸಾರದಲ್ಲಿ ಅವನು ಏಳನೆಯವನು. ಮಗನು ಪಾದ್ರಿಯಾಗಲಿ ಎಂಬುದು ಮನೆಯವರ ಬಯಕೆ. ಹದಿಮೂರನೆಯ ವಯಸ್ಸಿನಲ್ಲಿಯೇ ಅವನು ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿ ಐದು ವರ್ಷ ವ್ಯಾಸಂಗ ಮಾಡಿದನು. ಆದರೆ ಧರ್ಮಬೋಧೆಯ ವೃತ್ತಿಗೆ ಅವನ ಮನಸ್ಸು ಒಲಿಯಲಿಲ್ಲ. ಹ್ಯಾಮಿಲ್ಟನ್ ಪಟ್ಟಣದಲ್ಲಿದ್ದ ವಿಲಿಯಂ ಕಲನ್ ಎಂಬ ವೈದ್ಯನ ಬಳಿ ಶಿಷ್ಯವೃತ್ತಿಯನ್ನು ಕೈಗೊಂಡು, ಅಲ್ಲಿಂದ ಮುಂದೆ ಹೆಚ್ಚಿನ ಕಲಿಕೆಗಾಗಿ ಲಂಡನ್ನಿಗೆ ತೆರಳಿದನು.

ಲಂಡನ್ ಅವನಿಗೆ ಹೊಸ ಊರು. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಬಂಧುಗಳ ಬಲವಿಲ್ಲ. ಇದ್ದುದು ದುಡಿಮೆಯ ಛಲ ಒಂದೇ. 1746ರಲ್ಲಿ ಅವನು ಶರೀರರಚನಾಶಾಸ್ತ್ರವನ್ನು ಬೋಧಿಸಲು ತೊಡಗಿದನು. ಎರಡು ವರ್ಷಗಳ ತರುವಾಯ ತಮ್ಮನಾದ ಜಾನ್ ಹಂಟರ್ ಅಣ್ಣನ ಸಹಾಯಕ್ಕೆ ಬಂದನು. ಮುಂದೆ ಆತನೂ ಜಗದ್ವಿಖ್ಯಾತ ಶಸ್ತ್ರವೈದ್ಯನಾದನು. ಪ್ರಸೂತಿವೈದ್ಯದಲ್ಲಿ ವಿಲಿಯಂನ ಕೀರ್ತಿ ದಿನೇ ದಿನೇ ಬೆಳೆಯಿತು. 1762ರಲ್ಲಿ ರಾಣಿ ಷಾರ್ಲಟ್ ಗರ್ಭಿಣಿಯಾಗಿದ್ದಾಗ ಆಕೆಯ ಆರೈಕೆಗೆ ಅವನನ್ನೇ ಕರೆಸಿಕೊಳ್ಳಲಾಯಿತು. 1768ರಲ್ಲಿ ಸ್ಥಾಪಿತವಾದ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಗೆ ಅವನು ಶರೀರರಚನಾಶಾಸ್ತ್ರದ ಮೊದಲ ಪ್ರಾಧ್ಯಾಪಕನಾದನು. ಗರ್ಭಕೋಶದ ರಚನೆಯನ್ನು ಕುರಿತು, 34 ದೊಡ್ಡ ಚಿತ್ರಫಲಕಗಳೊಡನೆ 1774ರಲ್ಲಿ ಅವನು ಹೊರತಂದ ಗ್ರಂಥ ವೈದ್ಯಶಾಸ್ತ್ರದ ಮೇರುಕೃತಿಗಳಲ್ಲಿ ಒಂದೆಂದು ಗಣಿಸಲ್ಪಟ್ಟಿದೆ. ಅಂದಿನ ದಿನಗಳಲ್ಲಿ ಅಧ್ಯಯನಕ್ಕೆ ಬೇಕಾದ ಶವಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ಅವನ ಬಳಿಗೆ ಬಂದ ದೇಹಗಳು ಎಲ್ಲಿಂದ, ಯಾರ ಒಪ್ಪಿಗೆಯಿಂದ ಬಂದವು ಎಂಬ ಪ್ರಶ್ನೆಯನ್ನು ಇಂದಿನ ಇತಿಹಾಸಕಾರರು ಎತ್ತದೆ ಬಿಟ್ಟಿಲ್ಲ.

ಹಂಟರ್ ಮದುವೆಯಾಗಲಿಲ್ಲ. ಅವನ ಗಳಿಕೆ ದೊಡ್ಡದು, ಜೀವನ ಸರಳ. ಕೂಡಿಟ್ಟ ಹಣವನ್ನು ವಿದ್ಯೆಗೆ ವಿನಿಯೋಗಿಸಬೇಕೆಂಬುದು ಅವನ ಹಂಬಲವಾಗಿತ್ತು. 1765ರ ಸುಮಾರಿಗೆ ಅವನು ಸರ್ಕಾರದ ಮುಂದೆ ಒಂದು ಬೇಡಿಕೆಯನ್ನಿಟ್ಟನು. ಲಂಡನ್ನಿನಲ್ಲಿ ತುಂಡು ನಿವೇಶನವನ್ನು ಕೊಟ್ಟರೆ ಸಾಕು, ತಾನೇ 7,000 ಪೌಂಡುಗಳನ್ನು ವೆಚ್ಚಮಾಡಿ ಶರೀರರಚನಾಶಾಸ್ತ್ರದ ಶಾಲೆಯೊಂದನ್ನು ಕಟ್ಟಿಸುವೆನೆಂಬುದು ಆ ಬೇಡಿಕೆ. ಸರ್ಕಾರ ಒಪ್ಪಲಿಲ್ಲ. ಹಂಟರ್ ಎದೆಗುಂದದೆ, ಗ್ರೇಟ್ ವಿಂಡ್‌ಮಿಲ್ ಬೀದಿಯಲ್ಲಿ ಸ್ವಂತ ಖರ್ಚಿನಿಂದ ಕಟ್ಟಡವನ್ನು ಕಟ್ಟಿಸಿದನು. ಅವನ ವಾಸದ ಮನೆ, ಉಪನ್ಯಾಸದ ಮಂದಿರ, ವಿಶಾಲವಾದ ವಸ್ತುಸಂಗ್ರಹಾಲಯ ಎಲ್ಲವೂ ಒಂದೇ ಸೂರಿನಡಿಯಲ್ಲಿ ನಿಂತವು. ಶರೀರದ ಅಂಗಗಳ ಮಾದರಿಗಳೊಡನೆ ಅಪೂರ್ವ ಗ್ರಂಥಗಳು, ಹಸ್ತಪ್ರತಿಗಳು, ವರ್ಣಚಿತ್ರಗಳು, ಖನಿಜಗಳು, ಕಪ್ಪೆಚಿಪ್ಪುಗಳು ಅಲ್ಲಿ ನೆಲೆಗೊಂಡವು. ಇವೆಲ್ಲಕ್ಕೂ ಮಿಗಿಲಾಗಿ ಅವನ ಮನಸ್ಸನ್ನು ಸೆಳೆದುದು ನಾಣ್ಯಸಂಗ್ರಹ.

ಆ ಕಾಲದ ಲಂಡನ್ನಿನಲ್ಲಿ ಹಳೆಯ ನಾಣ್ಯಗಳು ಕೈಬದಲಾಗುತ್ತಿದ್ದ ಮುಖ್ಯ ತಾಣಗಳಲ್ಲಿ ಹರಾಜುಕಟ್ಟೆಯೂ ಒಂದು. ಸಿರಿವಂತರೂ ವಿದ್ವಾಂಸರೂ ಬಾಳಿನುದ್ದಕ್ಕೂ ನಾಣ್ಯಗಳನ್ನು ಕೂಡಿಹಾಕುವರು. ಅವರು ಕಣ್ಮುಚ್ಚಿದೊಡನೆ ಸಂಗ್ರಹ ಹರಾಜಿಗೆ ಬರುವುದು. ರಿಚರ್ಡ್ ಮೀಡ್ ಎಂಬ ಪ್ರಖ್ಯಾತ ವೈದ್ಯ 1754ರಲ್ಲಿ ತೀರಿಕೊಂಡನು. ಅವನ ಗ್ರಂಥಗಳೂ ಚಿತ್ರಗಳೂ ನಾಣ್ಯಗಳೂ ಆ ವರ್ಷ ಮತ್ತು ಮರುವರ್ಷ ಹರಾಜಾಗಿ ಹಲವರ ಪಾಲಾದವು. ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೇಮ್ಸ್ ವೆಸ್ಟ್ 1772ರಲ್ಲಿ ಮಡಿದನು. ಮರುವರ್ಷವೇ ಅವನ ನಾಣ್ಯಗಳು ಹರಾಜಿನ ಮೇಜನ್ನೇರಿದವು. ಒಬ್ಬನ ಜೀವಮಾನದ ಶ್ರಮ ಕೆಲವೇ ದಿನಗಳಲ್ಲಿ ಚೂರುಚೂರಾಗಿ ಚದುರುತ್ತಿತ್ತು.

ಹರಾಜಿನ ಕ್ರಮ ಹೀಗಿತ್ತು. ನಾಣ್ಯಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿಗೂ ಸಂಖ್ಯೆ ಕೊಟ್ಟು, ಪಟ್ಟಿಯನ್ನು ಅಚ್ಚುಹಾಕಿಸುತ್ತಿದ್ದರು. ಕೊಳ್ಳುವವರು ಮುಂಚಿತವಾಗಿ ಬಂದು ಅವುಗಳನ್ನು ಪರೀಕ್ಷಿಸಬಹುದಾಗಿತ್ತು. ಗೊತ್ತಾದ ದಿನ ಹರಾಜು ಕೂಗುವವನು ಸಂಖ್ಯೆಯನ್ನು ಹೇಳುವನು. ನೆರೆದವರು ಒಬ್ಬರ ಮೇಲೊಬ್ಬರು ಬೆಲೆಯನ್ನು ಏರಿಸುವರು. ಏರಿಸುವವರು ಇಲ್ಲವಾದಾಗ ಸುತ್ತಿಗೆ ಮೇಜನ್ನು ತಟ್ಟುವುದು. ಅಲ್ಲಿಗೆ ವ್ಯವಹಾರ ಮುಗಿಯಿತು. ಪೈಪೋಟಿಯ ಆವೇಶದಲ್ಲಿ ಬೆಲೆ ಮೀರಿ ಕೂಗಿದವನು ಬಳಿಕ ಪರಿತಪಿಸಿ ಫಲವಿಲ್ಲ. ಆದುದರಿಂದ ಹರಾಜಿಗೆ ಹೋಗುವವನಿಗೆ ಹಣದ ಚೀಲಕ್ಕಿಂತ ಮೊದಲು ಬೇಕಾದುದು ತಿಳಿವಳಿಕೆ.

ಆ ತಿಳಿವಳಿಕೆ ಸುಲಭಸಾಧ್ಯವಾದುದಲ್ಲ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಡುವ ನಗರದ ಜೊವಾನ್ನಿ ಕವಿನೊ ಎಂಬ ಕುಶಲಕರ್ಮಿ ರೋಮನರ ಕಂಚಿನ ನಾಣ್ಯಗಳ ಅನುಕೃತಿಗಳನ್ನು ಅತ್ಯಂತ ಚಾತುರ್ಯದಿಂದ ತಯಾರಿಸಿದ್ದನು. ಅವು ಕೈಯಿಂದ ಕೈಗೆ ಸಾಗುತ್ತ ಅಸಲು ನಾಣ್ಯಗಳೆಂದೇ ಎಷ್ಟೋ ಮಂದಿಯನ್ನು ಮೋಸಗೊಳಿಸಿದವು. ಪ್ರಾಚೀನರು ಬಿಸಿಮಾಡಿದ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ನಾಣ್ಯವನ್ನು ಟಂಕಿಸುತ್ತಿದ್ದರು. ಕಪಟಿಗಳು ಹಲವೊಮ್ಮೆ ಅಸಲು ನಾಣ್ಯದಿಂದ ಪಡಿಯಚ್ಚನ್ನು ತೆಗೆದು ಎರಕ ಹೊಯ್ಯುತ್ತಿದ್ದರು. ಎರಕದ ನಾಣ್ಯದ ಅಂಚಿನಲ್ಲಿ ಜೋಡಣೆಯ ಗೆರೆಯೋ ಅದನ್ನು ಅಳಿಸಲು ಅರದಿಂದ ಉಜ್ಜಿದ ಗುರುತೋ ಕಾಣಬಹುದು. ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಕುಳಿಗಳಿರಬಹುದು. ತಕ್ಕಡಿಯಲ್ಲಿಟ್ಟರೆ ತೂಕ ಹೊಂದದಿರಬಹುದು. ಕಣ್ಣು ಸೂಕ್ಷ್ಮವಾಗಿರಬೇಕು, ಕೈಗೆ ಪಳಗು ಇರಬೇಕು, ಆತುರ ಇರಬಾರದು. ಶರೀರದ ನರನಾಡಿಗಳನ್ನು ಬಿಡಿಸಿ ನೋಡಿ ಪಳಗಿದ್ದ ಹಂಟರನಿಗೆ ಈ ಗುಣಗಳು ವೃತ್ತಿಯಿಂದಲೇ ಒದಗಿದ್ದವು.

1770ರ ಹೊತ್ತಿನಿಂದ ಅವನು ನಾಣ್ಯಗಳನ್ನು ಭರದಿಂದ ಕೊಳ್ಳತೊಡಗಿದನು. ಈ ಕಾರ್ಯದಲ್ಲಿ ಚಾರ್ಲ್ಸ್ ಕೂಮ್ ಎಂಬ ವಿದ್ವಾಂಸ ಗೆಳೆಯ ಅವನಿಗೆ ನೆರವಾದನು. ಹರಾಜುಗಳಲ್ಲಿ ಬಿಡಿಬಿಡಿಯಾಗಿ ಕೊಂಡುದಲ್ಲದೆ, ಇಡೀ ಸಂಗ್ರಹಗಳನ್ನೇ ಹಂಟರ್ ಪಡೆದುಕೊಂಡದ್ದುಂಟು. 1776ರಲ್ಲಿ ಮ್ಯಾಥ್ಯೂ ಡ್ವೇನ್ ಎಂಬ ವಕೀಲನಿಂದ ಪ್ರಾಚೀನ ಸಿರಿಯದ ಅರಸರ ನಾಣ್ಯಗಳನ್ನು ಕೊಂಡನು. ಅಲೆಕ್ಸಾಂಡರನ ಬಳಿಕ ಸಿರಿಯವನ್ನು ಆಳಿದ ಸೆಲ್ಯೂಕಸ್ ವಂಶದವರ ಎಷ್ಟೋ ನಾಣ್ಯಗಳಲ್ಲಿ ಕ್ರಿಸ್ತಪೂರ್ವ 312ರಿಂದ ಎಣಿಸಿದ ವರ್ಷಸಂಖ್ಯೆ ಕಾಣುತ್ತದೆ. ಗ್ರಂಥಗಳು ಮೌನವಾಗಿರುವೆಡೆಯಲ್ಲಿ ಯಾವ ಅರಸ ಯಾವ ವರ್ಷ ಪಟ್ಟದಲ್ಲಿದ್ದನೆಂದು ಅಂಗೈಯಗಲದ ಈ ಬೆಳ್ಳಿಯ ಬಿಲ್ಲೆಗಳೇ ಹೇಳುತ್ತವೆ. ಗ್ರೀಕ್ ನಗರಗಳ ನಾಣ್ಯಗಳು, ರೋಮ್ ಸಾಮ್ರಾಟರ ನಾಣ್ಯಗಳು, ಇಂಗ್ಲೆಂಡು, ಸ್ಕಾಟ್ಲೆಂಡುಗಳ ಹಳೆಯ ನಾಣ್ಯಗಳು ಒಂದೊಂದಾಗಿ ಅವನ ಪೆಟ್ಟಿಗೆಗಳನ್ನು ತುಂಬಿದವು. ಒಟ್ಟು ಸಂಖ್ಯೆ 30,000ದ ಸಮೀಪಕ್ಕೆ ಬಂದಿತು. ವೆಚ್ಚ 20,000 ಪೌಂಡುಗಳನ್ನು ಮೀರಿತು. ಶಾಲೆಗೆಂದು ಅವನು ಸರ್ಕಾರದ ಮುಂದಿಟ್ಟಿದ್ದ 7,000 ಪೌಂಡುಗಳ ಸುಮಾರು ಮೂರು ಪಟ್ಟು ಹಣವದು!

ಇಷ್ಟು ಹಣವನ್ನು ಲೋಹದ ತುಣುಕುಗಳಿಗೆ ಸುರಿಯುವುದು ವಿವೇಕವೇ ಎಂಬ ಪ್ರಶ್ನೆ ಏಳುವುದು ಸಹಜ. ಸಂಗ್ರಹ ಬೀರುವಿನಲ್ಲಿ ಬೀಗಹಾಕಿ ಉಳಿದಿದ್ದರೆ ಅದು ಬರಿಯ ಲೋಭವೆನಿಸುತ್ತಿತ್ತು. ಆದರೆ ಹಂಟರ್ ತನ್ನ ನಾಣ್ಯಗಳನ್ನು ವಿದ್ವಜ್ಜಗತ್ತಿಗೆ ತೆರೆದಿಡಬಯಸಿದನು. ಪ್ರಾಚೀನ ಜನಾಂಗಗಳ ಮತ್ತು ನಗರಗಳ ನಾಣ್ಯಗಳನ್ನು ಕೂಮ್ ವಿವರವಾಗಿ ವರ್ಣಿಸಿ, 68 ಚಿತ್ರಫಲಕಗಳೊಡನೆ ಲ್ಯಾಟಿನ್ ಭಾಷೆಯಲ್ಲಿ 1782ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ನಾಣ್ಯಗಳನ್ನು ಕಣ್ಣಾರೆ ಕಾಣಲಾರದ ದೂರದ ವಿದ್ವಾಂಸರಿಗೂ ಅವುಗಳ ಪರಿಚಯ ದೊರೆಯುವಂತಾಯಿತು.

ಹಂಟರನ ಕಡೆಗಾಲ ಸುಖದಿಂದ ತುಂಬಿರಲಿಲ್ಲ. ತಾಯಿಗೂ ಗರ್ಭಸ್ಥ ಶಿಶುವಿಗೂ ನಡುವಣ ರಕ್ತಸಂಚಾರದ ವಿಷಯದಲ್ಲಿ ಶೋಧನೆಯ ಕೀರ್ತಿ ಯಾರಿಗೆ ಸಲ್ಲಬೇಕೆಂದು 1780ರಲ್ಲಿ ಅಣ್ಣತಮ್ಮಂದಿರ ನಡುವೆ ಕಲಹ ಹುಟ್ಟಿತು. ಒಂದೇ ಮನೆಯಲ್ಲಿ ದುಡಿದು ಬೆಳೆದ ಇಬ್ಬರು ಮಹಾವೈದ್ಯರು ಪರಸ್ಪರ ದೂರವಾದರು. ಹಂಟರನ ಉಯಿಲಿನಲ್ಲಿ ತಮ್ಮನಿಗೆ ಪಾಲಿರಲಿಲ್ಲ. ಹುಟ್ಟೂರಿನ ಆಸ್ತಿ ಸೋದರಳಿಯನಾದ ಮ್ಯಾಥ್ಯೂ ಬೇಲಿಗೆ ಬಂದಿತು. ಉದಾರಿಯಾದ ಬೇಲಿ ಅದನ್ನು ಜಾನ್ ಹಂಟರನಿಗೆ ಬಿಟ್ಟುಕೊಟ್ಟನು. ಅಪಾರ ವಿದ್ಯೆಯೂ ಮನುಷ್ಯನನ್ನು ಮತ್ಸರದಿಂದ ಪೂರ್ತಿಯಾಗಿ ಬಿಡಿಸಲಾರದೆಂಬುದಕ್ಕೆ ಈ ಪ್ರಸಂಗ ನಿದರ್ಶನ.

ಬೋಧನೆಯ ಮೇಲಿನ ಪ್ರೀತಿ ಮಾತ್ರ ಕೊನೆಯವರೆಗೂ ಬತ್ತಲಿಲ್ಲ. 1783ರ ಮಾರ್ಚ್ ತಿಂಗಳಿನಲ್ಲಿ ರೋಗಪೀಡಿತನಾಗಿದ್ದರೂ ಹಾಸಿಗೆಯಿಂದೆದ್ದು ಉಪನ್ಯಾಸಕ್ಕೆ ನಿಂತನು. ಉಪನ್ಯಾಸದ ಕೊನೆಗೆ ಕುಸಿದನು. ಅದೇ ತಿಂಗಳ 30ರಂದು ಅವನು ಕಾಲವಶನಾದನು.

ಲಂಡನ್ನಿನ ರೂಢಿಯಂತೆ ಆ ಮಹಾಸಂಗ್ರಹವೂ ಹರಾಜುಕಟ್ಟೆಯನ್ನು ಏರಬೇಕಾಗಿತ್ತು. ಅನ್ಯರ ಸಂಗ್ರಹಗಳು ಒಡೆದು ಚದುರಿದುದರಿಂದಲೇ ಹಂಟರನ ಭಂಡಾರ ತುಂಬಿತ್ತು. ಅದಕ್ಕೂ ಅದೇ ಗತಿ ಕಾದಿತ್ತು. ಆದರೆ ಅವನು ಹಾಗಾಗಗೊಡಲಿಲ್ಲ. ಸಂಗ್ರಹವೆಲ್ಲವೂ ಅಖಂಡವಾಗಿ ತಾನು ಓದಿದ ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಸೇರಬೇಕೆಂದೂ, ಅದನ್ನಿರಿಸಲು 8,000 ಪೌಂಡುಗಳು ಸಲ್ಲಬೇಕೆಂದೂ ಉಯಿಲಿನಲ್ಲಿ ವಿಧಿಸಿದ್ದನು. ಕೆಲವು ಕಾಲ ಅದು ಲಂಡನ್ನಿನಲ್ಲಿಯೇ ಬೇಲಿಯ ಬೋಧನೆಗೆ ಉಪಯೋಗವಾಗಿ, ತರುವಾಯ ಗ್ಲಾಸ್ಗೋ ನಗರವನ್ನು ಸೇರಿತು. 1807ರಲ್ಲಿ ಹಂಟೇರಿಯನ್ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಸ್ಕಾಟ್ಲೆಂಡಿನ ಸಾರ್ವಜನಿಕ ವಸ್ತುಸಂಗ್ರಹಾಲಯಗಳಲ್ಲಿ ಅದೇ ಅತ್ಯಂತ ಹಳೆಯದು.

ಕೂಮ್ ಆರಂಭಿಸಿದ ಕಾರ್ಯವನ್ನು ಮುಂದಿನ ತಲೆಮಾರುಗಳು ಕೈಬಿಡಲಿಲ್ಲ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ವಿದ್ವಾಂಸ ಅಲ್ಲಿಯ ಗ್ರೀಕ್ ನಾಣ್ಯಗಳನ್ನು ಕುರಿತು 1899ರಿಂದ 1905ರವರೆಗೆ ಮೂರು ಸಂಪುಟಗಳನ್ನು ರಚಿಸಿದನು. ಆನ್ ರಾಬರ್ಟ್‌ಸನ್ ಎಂಬ ವಿದುಷಿ ರೋಮ್ ಸಾಮ್ರಾಟರ ನಾಣ್ಯಗಳನ್ನು ಕುರಿತು 1962ರಿಂದ 1982ರವರೆಗೆ ಐದು ಸಂಪುಟಗಳನ್ನು ಪ್ರಕಟಿಸಿದಳು. ಎರಡು ಶತಮಾನಗಳ ಈ ವಿದ್ಯಾಪರಂಪರೆ ಸಾಧ್ಯವಾದುದು ನಾಣ್ಯಗಳು ಒಂದೆಡೆ ಉಳಿದುದರಿಂದ.

ಹಣವುಳ್ಳವನು ಹರಾಜಿನಲ್ಲಿ ಎಂಥ ವಸ್ತುವನ್ನಾದರೂ ಗೆಲ್ಲಬಹುದು. ಕೆಲವು ವರ್ಷ ಅದರ ಒಡೆಯನೆನಿಸಿಕೊಳ್ಳಬಹುದು. ಕಾಲದ ಸುತ್ತಿಗೆ ತಟ್ಟಿದಾಗ ಎಲ್ಲ ಒಡೆತನವೂ ಮುಗಿಯುತ್ತದೆ. ತಾನು ಗಳಿಸಿದುದನ್ನು ತನ್ನನ್ನು ಬೆಳೆಸಿದ ವಿದ್ಯಾಸಂಸ್ಥೆಗೆ ಒಪ್ಪಿಸಿದ ವಿಲಿಯಂ ಹಂಟರ್, ಗುಣದೋಷಗಳೆರಡೂ ಇದ್ದ ಮನುಷ್ಯನಾಗಿಯೂ, ಮುಂದೆ ಹುಟ್ಟಲಿದ್ದ ವಿದ್ಯಾರ್ಥಿಗಳ ಕೃತಜ್ಞತೆಗೆ ಪಾತ್ರನಾದನು.