ಶ್ರೀ ಶಾಂತವೇರಿ ಗೋಪಾಲಗೌಡರು

ಶಿಕಾರಿಪುರ, ಸೊರಬ, ಸಾಗರ ಸೀಮೆಗಳಲ್ಲಿ ಗದ್ದೆಯನ್ನು ಉಳುವವನೊಬ್ಬನು, ಅದರ ಒಡೆಯನು ಮತ್ತೊಬ್ಬನು ಎಂಬ ವ್ಯವಸ್ಥೆಯು ಬಹುಕಾಲದಿಂದ ನಡೆದುಬಂದಿದ್ದಿತು. ಸುಗ್ಗಿಯಲ್ಲಿ ಗೇಣಿಯನ್ನಳೆದುಕೊಡುವಾಗ ಒಬ್ಬಂಟಿಗನಾಗಿ ನಿಲ್ಲುತ್ತಿದ್ದ ಗೇಣಿದಾರನಿಗೆ ಸಂಘಬಲವನ್ನು ತಂದುಕೊಟ್ಟ ಮಹನೀಯರಲ್ಲಿ ಶಾಂತವೇರಿ ಗೋಪಾಲಗೌಡರು ಅಗ್ರಗಣ್ಯರು.

ಇವರು 1923ನೆಯ ಇಸವಿ ಮಾರ್ಚಿ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡಕುಟುಂಬವೊಂದರಲ್ಲಿ ಜನಿಸಿದರು. ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ 1942ರಲ್ಲಿಯೇ, ವಿದ್ಯಾರ್ಥಿಯಾಗಿದ್ದ ಗೌಡರೂ ಚಳವಳಿಯನ್ನು ಸೇರಿ ಸೆರೆಮನೆವಾಸವನ್ನು ಅನುಭವಿಸಿದರು. ತರುವಾಯ ಸಮಾಜವಾದಿ ಪಕ್ಷದ ಕಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ದೇಶಕ್ಕೆ ಸ್ವಾತಂತ್ರ್ಯವು ಬಂದರೂ ಗೇಣಿಯ ಕೊಳಗವು ಬದಲಾಗಲಿಲ್ಲ. ಸೊರಬಕ್ಕೆ ನೆರೆಯಾದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಭತ್ತವನ್ನಳೆಯುವ ಕೊಳಗವು ಸರಕಾರದ ಪ್ರಮಾಣಕ್ಕಿಂತ ದೊಡ್ಡದೆಂದೂ, ಕೊಟ್ಟ ಗೇಣಿಗೆ ರಸೀದಿಯಿಲ್ಲವೆಂದೂ ರೈತರು ಮೊರೆಯಿಟ್ಟರು. ಹೆಚ್. ಗಣಪತಿಯಪ್ಪನವರು ಅವರನ್ನು ಸಂಘವಾಗಿ ಕಟ್ಟಿದರು. ಮೊರೆಯಿಟ್ಟವರಿಗೆ ಉಳುಮೆಯೇ ತಪ್ಪಿಹೋಗಲು, 1951ನೆಯ ಇಸವಿ ಏಪ್ರಿಲ್ 18ರಂದು ಸತ್ಯಾಗ್ರಹವು ಆರಂಭವಾಯಿತು. ರೈತರು ನೇಗಿಲು ಹಿಡಿದು ಗದ್ದೆಗಿಳಿಯುವರು. ಪೋಲೀಸರು ಅವರನ್ನು ಬಂಧಿಸುವರು. ಮರುದಿನ ಮತ್ತೊಂದು ತಂಡವು ಹೊರಡುವುದು. ಗೋಪಾಲಗೌಡರು ಪಕ್ಷದ ಬೆಂಬಲವನ್ನು ತಂದು ಹೋರಾಟದ ನೇತೃತ್ವಕ್ಕೆ ಹೆಗಲು ಕೊಟ್ಟರು. ಜೂನ್ ತಿಂಗಳಿನಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾರವರು ಅಲ್ಲಿಗೆ ಬಂದು ತಾವೂ ಬಂಧನಕ್ಕೊಳಗಾದರು. ಇದರಿಂದ ಮಲೆನಾಡಿನ ಮೂಲೆಯ ಗ್ರಾಮವೊಂದರ ಅಳಲು ದೇಶದ ಕಿವಿಗೆ ಬಿದ್ದಿತು.

ಸತ್ಯಾಗ್ರಹದಿಂದ ರೈತರಿಗೆ ಆಗಲೇ ಭೂಮಿಯು ದೊರೆಯಲಿಲ್ಲ. ಆದರೆ 1952ರ ಚುನಾವಣೆಯಲ್ಲಿ ಸಾಗರ ಹೊಸನಗರ ಸೀಮೆಯ ಜನರು ಗೌಡರನ್ನು ಶಾಸನಸಭೆಗೆ ಕಳುಹಿಸಿದರು. 1957ರಲ್ಲಿ ಸೋತರೂ ಅವರು ಎದೆಗುಂದಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಆಯ್ಕೆಗೊಂಡರು. ಉಳುವವನಿಗೆ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, ಇವೇ ಸಭೆಯಲ್ಲಿ ಅವರ ಬೇಡಿಕೆಗಳಾಗಿದ್ದುವು. ಅಧಿಕಾರಸ್ಥಾನವನ್ನೂ ಧನವನ್ನೂ ಅವರು ಕೂಡಿಸಿಕೊಳ್ಳಲಿಲ್ಲ.

ದೀರ್ಘಕಾಲದ ಅಸ್ವಸ್ಥತೆಯಿಂದ ಬಳಲಿ, 1972ನೆಯ ಇಸವಿ ಜೂನ್ 9ರಂದು, ಐವತ್ತು ತುಂಬುವ ಮೊದಲೇ ಅವರು ದೇಹವನ್ನು ಬಿಟ್ಟರು. ಮರುವರ್ಷದ ನವೆಂಬರಿನಲ್ಲಿ ರಾಜ್ಯವು ಕರ್ನಾಟಕವೆನಿಸಿತು. 1974ನೆಯ ಇಸವಿ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಪದ್ಧತಿಯು ರದ್ದಾಗಿ, ಗೇಣಿದಾರರು ಭೂಮಿಯ ಹಕ್ಕನ್ನು ಪಡೆಯುವಂತಾಯಿತು. ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ. ಉಂಡವರು ಬಿತ್ತಿದವರನ್ನು ಮರೆಯಬಾರದು. ಕೊಳಗವು ಸರಿಯಾಗಿದ್ದರೆ ಅಳೆದುಕೊಡುವವನಿಗೂ ಅಳೆದುಕೊಳ್ಳುವವನಿಗೂ ಶ್ರೇಯಸ್ಸೆಂಬುದನ್ನು ಗೋಪಾಲಗೌಡರ ಜೀವಿತವು ಸಾರುತ್ತಿದೆ.