ಡಿಗ್ರಿ ಮುಗಿಸದ ಇಂಜಿನಿಯರ್ ಮತ್ತು ಕಲ್ಮಲದ ಪಹಣಿ

ಬ್ಯಾಕ್ ಉಳಿಸಿಕೊಂಡವರಿಗೆ ಸಮಾಧಾನ ಹೇಳಲಿಕ್ಕೆ ಇದನ್ನ ಬರೀತಿಲ್ಲ. ಆದ್ರೂ ಕಥೆ ಅಲ್ಲಿಂದಲೇ ಶುರುವಾಗ್ತದೆ. ರಾಜೀವ್ ಗಾಂಧಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರಿದರು, ಡಿಗ್ರಿ ಆಗಲಿಲ್ಲ. ಆಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಹಿಡಿದರು, ಅದೂ ಮುಗೀಲಿಲ್ಲ. ನೆಹರೂ ಮೊಮ್ಮಗನಿಗೆ ನಡೀತದೆ, ನಮಗೆ ನಡೆಯೋದಿಲ್ಲ ಅನ್ನೋದು ಬೇರೆ ಮಾತು.

ಹುಟ್ಟಿದ್ದು 1944ರ ಆಗಸ್ಟ್ 20, ಮುಂಬೈನಲ್ಲಿ. ರಾಜಕೀಯ ಬೇಡ ಅಂತ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪೈಲಟ್ ಆದರು. 1980ರಲ್ಲಿ ತಮ್ಮ ಸಂಜಯ್ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ತಾಯಿಯ ಜೊತೆ ನಿಲ್ಲಬೇಕಾಯಿತು, 1981ರಲ್ಲಿ ಅಮೇಠಿಯ ಸಂಸದ ಆದರು. 1984ರ ಅಕ್ಟೋಬರ್ 31ರಂದು ಇಂದಿರಾ ಹತ್ಯೆ ಆಯಿತು, ಅವತ್ತೇ ಇವರು ಪ್ರಧಾನಿ. ವಯಸ್ಸು 40.

ಮೂರು ವಾರದೊಳಗೆ ಹೊಸ ಕಂಪ್ಯೂಟರ್ ನೀತಿ ಬಂತು. ಕಂಪ್ಯೂಟರ್ ತರಿಸಿಕೊಳ್ಳೋದು, ಇಲ್ಲೇ ತಯಾರಿಸೋದು ಸುಲಭವಾಯಿತು. ಆದರೆ ಅದೇ ನವೆಂಬರಿನ ಮೊದಲ ದಿನಗಳಲ್ಲಿ ದೆಹಲಿಯಲ್ಲಿ ಸಾವಿರಾರು ಸಿಖ್ಖರ ಕೊಲೆ ನಡೆದಿತ್ತು. ಅದನ್ನು ತಡೆಯದ ಸರ್ಕಾರವೂ ಇವರದೇ. ಒಂದನ್ನು ಬರೆದು ಇನ್ನೊಂದನ್ನು ಬಿಡೋದು ನನಗೆ ಸರಿ ಕಾಣಲಿಲ್ಲ.

ಇಂಜಿನಿಯರಿಂಗ್ ಓದೋರಿಗೆ ಇವರ ಕಾಲದ ಚೆಂದದ ಕಥೆ ಸಿ-ಡಾಟ್‌ನದು. ಇಂದಿರಾ ಇದ್ದಾಗಲೇ, 1984ರ ಆಗಸ್ಟ್‌ನಲ್ಲಿ, ಆ ಸಂಸ್ಥೆ ಶುರುವಾಗಿತ್ತು. ಸ್ಯಾಮ್ ಪಿತ್ರೋಡಾ ಬೆನ್ನ ಹಿಂದೆ ರಾಜೀವ್ ನಿಂತರು. ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಏಸಿ ರೂಮ್ ಬೇಕಿತ್ತು. ಕರೆಂಟೇ ಗ್ಯಾರಂಟಿ ಇಲ್ಲದ ಊರಲ್ಲಿ ಏಸಿ ಎಲ್ಲಿಂದ ತರೋದು? ಸಿ-ಡಾಟ್ ಹುಡುಗರು ಧೂಳು, ಬಿಸಿಲು ತಡೆದುಕೊಂಡು ಏಸಿ ಇಲ್ಲದೆ ನಡೆಯೋ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್ ಕಟ್ಟಿದರು. 1986ರಲ್ಲಿ ಅದನ್ನ ಮೊದಲು ಕೂಡಿಸಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ! ರಾಯಚೂರಿನ ಏಪ್ರಿಲ್ ಕಂಡವರಿಗೆ ಈ ಡಿಸೈನಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕೆಲಸ ನಿಕ್‌ನೆಟ್. ಕನ್ನಡಿಗ ವಿಜ್ಞಾನಿ ಎನ್. ಶೇಷಗಿರಿ ಮುನ್ನಡೆಸುತ್ತಿದ್ದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ಉಪಗ್ರಹದ ಮೂಲಕ ನಾಲ್ಕುನೂರಕ್ಕೂ ಹೆಚ್ಚು ಜಿಲ್ಲಾ ಕೇಂದ್ರಗಳನ್ನು ಜೋಡಿಸಿತು. ಕೆಲಸ ಹೋಗ್ತದೆ ಅಂತ ನೌಕರರ ಸಂಘಗಳು ಕಂಪ್ಯೂಟರನ್ನೇ ವಿರೋಧಿಸುತ್ತಿದ್ದ ಕಾಲ ಅದು. ನೆಟ್‌ವರ್ಕ್ ಕ್ಲಾಸಿನಲ್ಲಿ ನಿದ್ದೆ ಹೊಡೀದವರಿಗೆ ಗೊತ್ತಾಗ್ತದೆ, ಅದು ಸ್ಟಾರ್ ಟೋಪಾಲಜಿ. ಹಬ್ ಇದ್ದದ್ದು ದೆಹಲಿಯಲ್ಲಿ. ಒಂದು ಜಿಲ್ಲೆಯ ಮಾಹಿತಿ ಪಕ್ಕದ ಜಿಲ್ಲೆಗೆ ಹೋಗಬೇಕಾದರೂ ದೆಹಲಿ ಮುಟ್ಟಿಯೇ ಹೋಗಬೇಕು.

ರಾಜೀವ್ ರಾಜಕೀಯವೂ ಹೆಚ್ಚುಕಡಿಮೆ ಅದೇ ಆಕಾರದ್ದು. ರಾಜ್ಯಗಳನ್ನು ದಾಟಿ ನೇರ ಜಿಲ್ಲಾಧಿಕಾರಿ ಜೊತೆ ಮಾತಾಡ್ತಾರೆ ಅನ್ನೋ ದೂರು ಆಗಲೇ ಇತ್ತು. ಬೊಫೋರ್ಸ್ ಹಗರಣದ ನಂತರ, 1989ರಲ್ಲಿ, ಅಧಿಕಾರ ಹೋಯಿತು. ಪಕ್ಷದ ಮೇಲಿನ ಹಿಡಿತ ಹೋಗಲಿಲ್ಲ. 1990ರಲ್ಲಿ ನಮ್ಮ ಭಾಗದವರೇ ಆದ ವೀರೇಂದ್ರ ಪಾಟೀಲರು ಅನಾರೋಗ್ಯದಲ್ಲಿದ್ದಾಗ, ಮುಖ್ಯಮಂತ್ರಿ ಬದಲಾವಣೆಯನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಹೇಳಿ ಹೊರಟುಬಿಟ್ಟರು. ಕಲಬುರಗಿ ಕಡೆ ಹಿರಿಯರು ಇನ್ನೂ ಅದನ್ನ ಮರೆತಿಲ್ಲ.

ಈಗ ಪಹಣಿಗೆ ಬರ್ತೀನಿ. ನಮ್ಮೂರು ಕಲ್ಮಲ, ರಾಯಚೂರಿನಿಂದ ಲಿಂಗಸುಗೂರು ರಸ್ತೆಯಲ್ಲಿ ಬರ್ತದೆ. ಕೈಬರಹದ ಪಹಣಿ ಕಾಲದಲ್ಲಿ ನಮ್ಮಜ್ಜ ಒಂದು ಹಾಳೆಗಾಗಿ ಎಷ್ಟು ಸಲ ಅಲೆದ ಅಂತ ಮನೆಯಲ್ಲಿ ಇವತ್ತಿಗೂ ಹೇಳ್ತಾರೆ. ಬೆಳೆಸಾಲಕ್ಕೆ ಪಹಣಿ ಬೇಕು, ಪುಸ್ತಕ ಇರೋದು ಒಬ್ಬರ ಕೈಯಲ್ಲಿ, ಅವರು ಸಿಗೋದಿಲ್ಲ. ರಾಜೀವ್ ಸರ್ಕಾರ 1988–89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಭೂದಾಖಲೆ ಕಂಪ್ಯೂಟರೀಕರಣ ಶುರು ಮಾಡಿತು, ಖರ್ಚೆಲ್ಲ ಕೇಂದ್ರದ್ದೇ. ವಿಚಾರ ಸರಿಯಾಗಿತ್ತು. ಕರ್ನಾಟಕಕ್ಕೂ ಆ ಯೋಜನೆ ಬಂತು, ಆದರೆ ಕಂಪ್ಯೂಟರ್ ಜಿಲ್ಲೆಯಲ್ಲೇ ನಿಂತಿತು. ಹೊಲದ ವರ್ಗಾವಣೆ ದಾಖಲಾಗೋದು ತಾಲೂಕಿನಲ್ಲಿ. ಅಲ್ಲಿ ಮಷೀನೇ ಇಲ್ಲ ಅಂದಮೇಲೆ ಡೇಟಾ ಹಳಸದೆ ಇನ್ನೇನಾಗ್ತದೆ?

ಅದನ್ನ ನೋಡಲಿಕ್ಕೆ ರಾಜೀವ್ ಇರಲಿಲ್ಲ. 1991ರ ಮೇ 21ರಂದು ಶ್ರೀಪೆರಂಬದೂರಿನ ಚುನಾವಣಾ ಸಭೆಯಲ್ಲಿ ಬಾಂಬಿಗೆ ಬಲಿಯಾದರು, ಆಗಿನ್ನೂ 46 ವರ್ಷ.

ಆಮೇಲೆ ಬಂದದ್ದು ನಮ್ಮ ರಾಜ್ಯದ 'ಭೂಮಿ'. ಎನ್‌ಐಸಿ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಈ ಸಲ ಮಷೀನ್ ಕೂತದ್ದು 177 ತಾಲೂಕು ಕಚೇರಿಗಳಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕನ್ನಡದಲ್ಲೇ ಒಳಗೆ ಹೋದವು, 2002ರ ಹೊತ್ತಿಗೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದೇಶಕ್ಕೆಲ್ಲ ರಾಷ್ಟ್ರೀಯ ಇ-ಆಡಳಿತ ಯೋಜನೆ ಅಂತ ಬಂದದ್ದು 2006ರಲ್ಲಿ, ಅಂದರೆ ರಾಜೀವ್ ಹೋಗಿ 15 ವರ್ಷಕ್ಕೆ.

ನಮ್ಮಜ್ಜ ರಾಯಚೂರಿನ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ತಂದ ಮೊದಲ ಪ್ರಿಂಟು ಟ್ರಂಕಿನಲ್ಲಿ ಇನ್ನೂ ಅದೆ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ, ಅದನ್ನ ತಿದ್ದಿಸಲಿಕ್ಕೆ ಮತ್ತೆರಡು ಸಲ ಹೋಗಿ ಬಂದನಂತೆ.