ಗದಗಿನ ಧ್ರುವ, ಲಂಡನ್ನಿನ ಧ್ರುವ

ಮಕ್ಕಳೇ, ಗದಗಿನ ಅಜ್ಜಿ ಫೋನಿನಲ್ಲಿ "ಹೊತ್ತು ಮುಳುಗ್ತವ್ವಾ, ದೀಪಾ ಹಚ್ಚತೀನಿ" ಅಂದಾಗ ಇಲ್ಲಿ ಲಂಡನ್ನಿನಲ್ಲಿ ನಿಮಗೆ ಇನ್ನೂ ಮಧ್ಯಾಹ್ನದ ಊಟದ ವೇಳೆ. ಸೂರ್ಯನಿಗೆ ಅಲ್ಲೇನು ಅವಸರ?

ಸೂರ್ಯನಿಗೆ ಅವಸರವಿಲ್ಲ, ತಿರುಗುತ್ತಿರುವುದು ಭೂಮಿ. ಪಶ್ಚಿಮದಿಂದ ಪೂರ್ವಕ್ಕೆ, ಗಂಟೆಗೆ 15 ಡಿಗ್ರಿ. ಗದಗ ನಮಗಿಂತ ಸುಮಾರು 75 ಡಿಗ್ರಿ ಪೂರ್ವಕ್ಕಿರುವುದರಿಂದ ಸೂರ್ಯನ ಲೆಕ್ಕದಲ್ಲಿ ಅಲ್ಲಿನ ನಡುಹಗಲು 5 ಗಂಟೆ ಮೊದಲು. ಸಾಗುವ ದೋಣಿಯಲ್ಲಿ ಕೂತವರಿಗೆ ದಡವೇ ಹಿಂದೆ ಸರಿದಂತೆ ಕಾಣುವ ಹಾಗೆ ನಕ್ಷತ್ರಗಳು ಸರಿಯುತ್ತವೆ ಎಂದು ಆರ್ಯಭಟ 499ರಲ್ಲೇ ಬರೆದಿದ್ದ.

ಚಿಕ್ಕವರಿದ್ದಾಗ ನಾವು ಬೇಸಿಗೆಯಲ್ಲಿ ಮುಂಡರಗಿಯ ಮಾಳಿಗೆ ಮೇಲೆ ಕೌದಿ ಹಾಸಿ ಮಲಗುತ್ತಿದ್ದೆವು. ಮಲಗುವಾಗ ಉತ್ತರಕ್ಕೆ ಎತ್ತರದಲ್ಲಿದ್ದ ಸಪ್ತರ್ಷಿ ಮಂಡಲ ನಡುರಾತ್ರಿ ಎಚ್ಚರಾದಾಗ ವಾಯವ್ಯಕ್ಕೆ ವಾಲಿರುತ್ತಿತ್ತು. ಬೆಳಗಿನ ಜಾವಕ್ಕೆ ಒಂದೊಂದೇ ಚುಕ್ಕಿ ಮುಳುಗುತ್ತಿತ್ತು. ಧ್ರುವ ಮಾತ್ರ ಇದ್ದಲ್ಲೇ ಇರುತ್ತಿದ್ದ. ಭೂಮಿಯ ಅಕ್ಷ ಹೆಚ್ಚುಕಡಿಮೆ ಅವನ ಕಡೆಗೇ ನೆಟ್ಟಿದೆ, ಅದಕ್ಕೇ ಉಳಿದವರೆಲ್ಲ ಅವನ ಸುತ್ತ ತಿರುಗಿದಂತೆ ಕಾಣುತ್ತಾರೆ.

ಈಗ ನೀವೇ ಅಳೆದು ನೋಡಿ. ಮುಂದೆ ನೀಡಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ. ಧ್ರುವನ ಎತ್ತರವೆಂದರೆ ನಿಂತ ಊರಿನ ಅಕ್ಷಾಂಶ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ 15 ಡಿಗ್ರಿಯ ಆಸುಪಾಸಿನವು, ಅಲ್ಲಿ ಧ್ರುವ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ. ಲಂಡನ್ನಿನಲ್ಲಿ ಐದು ಮುಷ್ಟಿ! ಅದಕ್ಕೇ ಮುಂಡರಗಿಯಲ್ಲಿ ಮುಳುಗುವ ಸಪ್ತರ್ಷಿಗಳು ಇಲ್ಲಿ ಮುಳುಗುವುದೇ ಇಲ್ಲ.

ಅಪ್ಪ-ಅಮ್ಮಂದಿರಲ್ಲಿ ಒಂದು ಮಾತು. ರಜೆಗೆ ಊರಿಗೆ ಹೋದಾಗ ಮಕ್ಕಳು ನೆಂಟರ ಮನೆ, ಅಂಗಡಿ ಸುತ್ತಿ ಮರಳುತ್ತಾರೆ, ಅಲ್ಲಿನ ಆಕಾಶ ನೋಡದೇ ಉಳಿಯುತ್ತದೆ. ಒಂದು ರಾತ್ರಿಯಾದರೂ ಅವರನ್ನು ಮಾಳಿಗೆ ಹತ್ತಿಸಿ, ಅಜ್ಜನ ಪಕ್ಕ ಮಲಗಿಸಿ. ಚುಕ್ಕಿಗಳ ಹೆಸರು ಹೇಳಿಕೊಡಲು ಅವರಿರುವಾಗಲೇ ಇದು ಆಗಬೇಕು. ಆಗಸ್ಟ್ 10-11ರ ಸುಮಾರಿಗೆ ಗದಗಿನಲ್ಲಿದ್ದು ಮೋಡ ಬಿಟ್ಟರೆ, ಮಧ್ಯಾಹ್ನ ಹನ್ನೆರಡೂವರೆ ದಾಟುತ್ತಲೇ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಸೂರ್ಯ ನಡುನೆತ್ತಿಗೆ ಬಂದು ಕೋಲಿನ ನೆರಳೇ ಇಲ್ಲವಾಗುತ್ತದೆ. ಲಂಡನ್ನಿನಲ್ಲಿ ಇದು ಎಂದೂ ಆಗದು. ಯಾಕೆಂದು ಮಕ್ಕಳು ಕೇಳಲಿ, ಉತ್ತರವನ್ನು ಕನ್ನಡದಲ್ಲೇ ಹೇಳಿ.